ನಿಮಗಿದು ಗೊತ್ತೆ? ಹೆರಿಗೆ ಕೋಣೆಗೆ ಜೊತೆಗಾರ್ತಿಯೂ ಬರಬಹುದು

ಭಾರತದ ಮೊದಲ ವೈದ್ಯೆಯರಲ್ಲಿ ಒಬ್ಬರಾದ ಆನಂದಿಬಾಯಿ ಜೋಶಿ ತಾಯಿಯಾದಾಗ ಅವರಿಗೆ 14 ವರ್ಷ. ಸರಿಯಾದ ಚಿಕಿತ್ಸೆಯಿಲ್ಲದೆ ಮಗು ಹತ್ತೇ ದಿನಕ್ಕೆ ತೀರಿಕೊಂಡಿತು. ಆ ಸಂಕಟವೇ ಅವರನ್ನು ಅಮೆರಿಕಕ್ಕೆ ಕಳಿಸಿತು. 1886ರಲ್ಲಿ ಪದವಿ ಪಡೆದರು. ಪ್ರಬಂಧದ ವಿಷಯವೂ ಹೆರಿಗೆಯೇ. ಕೊಲ್ಹಾಪುರ ಸಂಸ್ಥಾನ ಅವರನ್ನು ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ, ಅಂದರೆ ಇಂದಿನ ಸಿ.ಪಿ.ಆರ್. ಆಸ್ಪತ್ರೆಯ, ಮಹಿಳಾ ವಿಭಾಗಕ್ಕೆ ನೇಮಿಸಿತು. ಆದರೆ ಕ್ಷಯ ಬಿಡಲಿಲ್ಲ. 1887ರ ಫೆಬ್ರುವರಿಯಲ್ಲಿ, 22 ತುಂಬುವ ಮೊದಲೇ, ಅವರು ತೀರಿಕೊಂಡರು. ಕೊಲ್ಹಾಪುರದ ತಾಯಂದಿರಿಗೆ ಅದು ದೊಡ್ಡ ನಷ್ಟ.

ಹೆರಿಗೆಯಲ್ಲಿ ವೈದ್ಯೆಯಷ್ಟೇ ಅಲ್ಲ, ಜೊತೆಗಾರ್ತಿಯೂ ನೆರವಾಗಬಲ್ಲಳು. ಬೇನೆ ತಿನ್ನುವವಳ ಪಕ್ಕದಲ್ಲಿ ಬೆನ್ನು ನೀವಲು, ಗುಟುಕು ನೀರು ಕೊಡಲು, ಧೈರ್ಯ ಹೇಳಲು ಕೊನೆಯವರೆಗೂ ಒಬ್ಬರಿದ್ದರೆ ಹೆರಿಗೆ ಬೇಗ ಆಗುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಪಾಶ್ಚಾತ್ಯ ದೇಶಗಳಲ್ಲಿ ಡೌಲಾ ಎಂಬ ಹೆರಿಗೆ ಜೊತೆಗಾರ್ತಿಯರು ಮಾಡುವ ಕೆಲಸ ಇದೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಜೊತೆಗಾರ್ತಿಗೆ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಒಪ್ಪಿಗೆ ಕೊಟ್ಟಿದೆ. ಆಕೆ ಸ್ವತಃ ಹೆತ್ತ ಅನುಭವವಿದ್ದವಳಾಗಿರಬೇಕು, ಸೋಂಕುರೋಗ ಇರಬಾರದು, ಬಟ್ಟೆ ಶುಚಿಯಾಗಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಹೆರಿಗೆ ಕೋಣೆಯಲ್ಲಿ ಮರೆ ಇರುವ ಕಡೆ ಗಂಡನಿಗೂ ಅವಕಾಶವಿದೆ.

ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ್, ಇಚಲಕರಂಜಿ ಕಡೆಯ ಕನ್ನಡದ ಮನೆಗಳಿಗೆ ಇದು ಇನ್ನೂ ಮುಖ್ಯ. ನೋವಿನ ಹೊತ್ತಿನಲ್ಲಿ ಬಾಯಿಗೆ ಬರುವುದು ತಾಯ್ನುಡಿಯೇ. ಅದನ್ನು ನರ್ಸಿಗೆ ಮರಾಠಿಯಲ್ಲಿ ತಿಳಿಸಲು ಒಬ್ಬರು ಬೇಕು. ತಪಾಸಣೆಗೆ ಹೋದಾಗಲೇ ಜೊತೆಗಾರ್ತಿಯ ವಿಷಯ ಕೇಳಿಡಿ. ಆಶಾ ಕಾರ್ಯಕರ್ತೆಗೂ ತಿಳಿಸಿ.