ಗುಂಡಿಗೆಯ ಕೆಲಸ
ಅಕ್ಕ, ಮುಷ್ಟಿ ಹಿಡಿದು ನೋಡಿ. ನಿಮ್ಮ ಗುಂಡಿಗೆ ಹೆಚ್ಚುಕಡಿಮೆ ಅಷ್ಟೇ ಇದೆ. ಅದು ರಕ್ತ ತಳ್ಳುವ ಪಂಪು. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ನೀವು ಮಲಗಿದರೂ ಅದು ಮಲಗುವುದಿಲ್ಲ.

ಗುಂಡಿಗೆಯ ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ರಕ್ತಕ್ಕೆ ಪ್ರಾಣವಾಯು ಸೇರುತ್ತದೆ. ಎಡಭಾಗ ಆ ರಕ್ತವನ್ನು ಮೈಗೆಲ್ಲ ಹಂಚುತ್ತದೆ.

ಪಂಪು ಸೋತರೆ ಪಾದ ಊದುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ. ಆಗ ಡಾಕ್ಟರಿಗೆ ತೋರಿಸಿ.

ಗುಂಡಿಗೆಗೂ ರಕ್ತ ಬೇಕು. ಅದರ ರಕ್ತನಾಳ ಕಟ್ಟಿಕೊಂಡರೆ ಹೃದಯಾಘಾತ ಆಗುತ್ತದೆ. ಎದೆ ಹಿಂಡುತ್ತದೆ, ಬೆವರು ಬರುತ್ತದೆ. ಕೆಲವು ಹೆಂಗಸರಿಗೆ ಎದೆನೋವೇ ಇರೋದಿಲ್ಲ. ಬೆನ್ನುನೋವು, ಏದುಸಿರು, ವಾಕರಿಕೆ, ಸುಸ್ತು ಅಷ್ಟೇ.

"ಗ್ಯಾಸು ಇರಬೇಕು" ಅಂತ ಸುಮ್ಮನೆ ಕೂರಬೇಡಿ. "ಅಡುಗೆ ಮುಗಿಸಿ ಹೋಗ್ತೀನಿ" ಅನ್ನಬೇಡಿ. ಗುಂಡಿಗೆಯ ಸತ್ತ ಭಾಗ ಮತ್ತೆ ಬೆಳೆಯೋದಿಲ್ಲ. ಕೂಡಲೇ 108ಕ್ಕೆ ಫೋನ್ ಮಾಡಿ.