ಕವನಗಳ ಕಟ್ಟು ಸ್ಪರ್ಧೆಗೆ ಹೊರಟಾಗ



ನೋಟುಪುಸ್ತಕದ ಕೊನೆಯ ಹಾಳೆಗಳಲ್ಲಿ ಕವನ ಬರೆಯುವವರು ಬೆಳಗಾವಿಯ ಕಾಲೇಜುಗಳಲ್ಲೂ ಇದ್ದಾರೆ, ಖಾನಾಪುರದಲ್ಲೂ ಇದ್ದಾರೆ. ನಲವತ್ತು-ಐವತ್ತು ಕವನಗಳಾದ ಮೇಲೆ ಪ್ರಶ್ನೆಯೊಂದು ಏಳುತ್ತದೆ: ಇವು ಪುಸ್ತಕವಾಗುವುದು ಹೇಗೆ? ಅಚ್ಚು ಹಾಕಿಸಲು ಹಣವಿಲ್ಲ, ಪ್ರಕಾಶಕರ ಪರಿಚಯವೂ ಇಲ್ಲ. ಇಂಥವರಿಗೆ ತೆರೆದಿರುವ ಒಂದು ದಾರಿ ಹಸ್ತಪ್ರತಿ ಸ್ಪರ್ಧೆ.

ಅಚ್ಚಾದ ಪುಸ್ತಕಕ್ಕೆ ಕೊಡುವ ಬಹುಮಾನ ಬೇರೆ, ಅಚ್ಚಾಗದ ಹಸ್ತಪ್ರತಿಗೆ ಕೊಡುವುದು ಬೇರೆ. ಕಾರ್ಕಳ ಸೀಮೆಯ ಕಾಂತಾವರ ಕನ್ನಡ ಸಂಘವು ಕೊಡುತ್ತ ಬಂದಿರುವ ಮುದ್ದಣ ಕಾವ್ಯ ಪ್ರಶಸ್ತಿ ಎರಡನೆಯ ಬಗೆಯದು. ಕನ್ನಡ ಪುಸ್ತಕ ಪ್ರಾಧಿಕಾರವೂ ಯುವ ಬರಹಗಾರರ ಚೊಚ್ಚಲ ಕೃತಿಗಳ ಹಸ್ತಪ್ರತಿಗಳನ್ನು ಆಹ್ವಾನಿಸಿ, ಆಯ್ಕೆಯಾದವುಗಳಿಗೆ ಪ್ರೋತ್ಸಾಹಧನ ನೀಡುತ್ತ ಬಂದಿದೆ.

ಮುದ್ದಣನ ಹೆಸರು ಇಲ್ಲಿ ಬಲು ಔಚಿತ್ಯದ್ದು. ನಂದಳಿಕೆಯ ಲಕ್ಷ್ಮೀನಾರಣಪ್ಪನವರು (1870-1901) ವ್ಯಾಯಾಮ ಶಿಕ್ಷಕರಾಗಿದ್ದವರು. ತಮ್ಮ 'ಶ್ರೀರಾಮಾಶ್ವಮೇಧ'ವನ್ನು ಹಳೆಯ ಕೃತಿಯೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದರು. ಸಂಪಾದಕರು ಮೆಚ್ಚಿ ಅಚ್ಚುಹಾಕಿದರು. ಆದರೆ ಬರೆದವರು ಯಾರೆಂದು ನಾಡಿಗೆ ತಿಳಿಯುವಷ್ಟರಲ್ಲಿ ಕವಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ಹೆಸರಿನ ಹಂಗಿಲ್ಲದೆ ಕಾವ್ಯವನ್ನು ತೂಗಬೇಕು, ಆದರೆ ಹೆಸರು ಕಳೆದುಹೋಗಲೂಬಾರದು. ಇದಕ್ಕಾಗಿಯೇ ಹಲವು ಸ್ಪರ್ಧೆಗಳಲ್ಲಿ ಕವಿಯ ಹೆಸರು, ವಿಳಾಸಗಳನ್ನು ಪ್ರತ್ಯೇಕ ಹಾಳೆಯಲ್ಲಿ ಕೇಳುತ್ತಾರೆ. ನಿಮ್ಮ ಉತ್ತರ ಪತ್ರಿಕೆಯ ಮೇಲೆ ಬರೀ ಸಂಖ್ಯೆ ಇರುವಂತೆಯೇ ಇದು. ಹಾಗೆ ಕೇಳಿದ್ದರೆ ಒಳಪುಟಗಳಲ್ಲಿ ಸಹಿಯನ್ನಾಗಲಿ, ಊರಿನ ಗುರುತನ್ನಾಗಲಿ ಬಿಡಬೇಡಿ.

ತೀರ್ಪುಗಾರರ ಮುಂದೆ ನಿಂತು ವಿವರಿಸಲು ನೀವಿರುವುದಿಲ್ಲ. ಹಸ್ತಪ್ರತಿ ತಾನೇ ಮಾತನಾಡಬೇಕು. ಆದ್ದರಿಂದ ಇದ್ದಬದ್ದ ಕವನಗಳನ್ನೆಲ್ಲ ತುಂಬದೆ, ಎರಡು ತಿಂಗಳ ನಂತರ ಓದಿದರೂ ನಿಮಗೆ ಹಿಡಿಸುವವನ್ನು ಮಾತ್ರ ಆರಿಸಿ. ಒಂದೇ ಮಾತನ್ನು ಹೇಳುವ ಎರಡು ಕವನಗಳಿದ್ದರೆ ಒಂದನ್ನು ಬಿಡಿ. ಪುಟಸಂಖ್ಯೆ, ಪರಿವಿಡಿ ಇರಲಿ. ಕಾಗುಣಿತವನ್ನು ಇನ್ನೊಬ್ಬರಿಂದ ನೋಡಿಸಿ.

ನಮ್ಮ ಗಡಿಭಾಗದವರಿಗೆ ಇನ್ನೊಂದು ಅಳುಕು ಇರುತ್ತದೆ. ಮರಾಠಿಯೊಡನೆ ಬೆರೆತ ನಮ್ಮ ಮಾತು ದೂರದ ತೀರ್ಪುಗಾರರಿಗೆ ತಪ್ಪೆನಿಸೀತೇ? 'ಲಗೂನ' ಎಂಬುದನ್ನು ಅಳಿಸಿ 'ಬೇಗ' ಎಂದು ಬರೆಯಬೇಕೇ? ಬೇಕಿಲ್ಲ. ಆ ಶಬ್ದ ಅರಿಯದವನಿಗೂ ಅಕ್ಕಪಕ್ಕದ ಸಾಲುಗಳಿಂದ ಅರ್ಥ ಹೊಳೆಯುವಂತಿದ್ದರೆ ಸಾಕು.

ಇನ್ನು ವ್ಯವಹಾರದ ಮಾತು. ಪ್ರಕಟಣೆಯಲ್ಲಿರುವ ವಯೋಮಿತಿ, ಪುಟಗಳ ಮಿತಿ ಮತ್ತು ಕೊನೆಯ ದಿನಾಂಕವನ್ನು ಗಮನವಿಟ್ಟು ಓದಿ. ಆ ದಿನಾಂಕ ಅಂಚೆಗೆ ಹಾಕಲೋ, ತಲುಪಲೋ ಎಂಬುದನ್ನು ನೋಡಿಕೊಳ್ಳಿ. ಕಣಕುಂಬಿಯ ಮಳೆಯಲ್ಲಿ ಕಳುಹಿಸುವವರು ಪ್ಲಾಸ್ಟಿಕ್ ಹೊದಿಕೆಯನ್ನು ಮರೆಯಬೇಡಿ. ಇರುವ ಒಂದೇ ಪ್ರತಿಯನ್ನು ಎಂದೂ ಕಳುಹಿಸಬೇಡಿ. ಹಸ್ತಪ್ರತಿಗಳನ್ನು ಹಿಂತಿರುಗಿಸುವುದಿಲ್ಲವೆಂಬ ನಿಯಮ ಸಾಮಾನ್ಯ.

1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಕವನ ಬರೆದಾಗಲೇ ಅದರ ಹಕ್ಕು ನಿಮ್ಮದು; ನೋಂದಣಿ ಕಡ್ಡಾಯವಲ್ಲ. ಆ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಲು ನಿಮ್ಮ ಸಹಿಯುಳ್ಳ ಬರಹ ಬೇಕು. ಆದ್ದರಿಂದ ಓದದೆ ಸಹಿ ಹಾಕಬೇಡಿ. 'ನೀವು ಆಯ್ಕೆಯಾಗಿದ್ದೀರಿ, ಮುದ್ರಣದ ಹಣ ಕಳುಹಿಸಿ' ಎಂದು ಪತ್ರ ಬಂದರೆ, ಅದು ಬಹುಮಾನವಲ್ಲ, ಮಾರಾಟ ಎಂದು ತಿಳಿಯಿರಿ.

ಆಯ್ಕೆಯಾಗದಿದ್ದರೆ? ಹಲವು ಕಟ್ಟುಗಳಲ್ಲಿ ಒಂದೆರಡಕ್ಕೆ ಮಾತ್ರ ಅವಕಾಶ. ಆ ವರ್ಷ, ಆ ಓದುಗರು ಬೇರೊಂದನ್ನು ಆರಿಸಿದರು, ಅಷ್ಟೇ. ನಿಮ್ಮ ಪ್ರತಿಯನ್ನು ತೆಗೆದು, ಕೆಂಪು ಪೆನ್ಸಿಲ್ ಹಿಡಿದು, ಮತ್ತೊಮ್ಮೆ ಮೊದಲ ಪುಟದಿಂದ ಓದಿರಿ.