ಬರ್ಲಿನ್ ಛಾವಣಿಯ ಆ ಬಾವುಟದ ಫೋಟೊ: ತೆಗೆದಿದ್ದು ಯಾವತ್ತು, ಅದರಲ್ಲಿರೋದು ಯಾರು?

ಇವತ್ತಿನ ಎಪಿಸೋಡ್ ಒಂದು ತಪ್ಪೊಪ್ಪಿಗೆಯಿಂದ ಶುರು.

ಎರಡನೇ ಮಹಾಯುದ್ಧದ ಕೊನೆಯ ದಿನಗಳ ಬಗ್ಗೆ ಹಿಂದೆ ಒಂದು ಎಪಿಸೋಡ್ ಮಾಡಿದ್ದೆ, ನೆನಪಿದೆಯಾ? ಅದರ ಕವರ್‌ಗೆ ಒಂದು ಕಪ್ಪು-ಬಿಳುಪು ಫೋಟೊ ಹಾಕಿದ್ದೆ. ನೀವೂ ಎಲ್ಲೋ ನೋಡಿರ್ತೀರ. ಎತ್ತರದ ಕಟ್ಟಡದ ಅಂಚಿನಲ್ಲಿ ಒಬ್ಬ ಸೈನಿಕ ದೊಡ್ಡ ಸೋವಿಯತ್ ಬಾವುಟ ಹಿಡಿದು ಮುಂದಕ್ಕೆ ಬಾಗಿದ್ದಾನೆ, ಕೆಳಗಿನಿಂದ ಇನ್ನೊಬ್ಬ ಅವನಿಗೆ ಆಸರೆ ಕೊಟ್ಟಿದ್ದಾನೆ, ಹಿಂದೆ ಹಾಳುಬಿದ್ದ ಬರ್ಲಿನ್ ನಗರ. ಅದರ ಕೆಳಗೆ ನಾನು ಬರೆದಿದ್ದ ಸಾಲು ಹೀಗಿತ್ತು: ‘1945ರ ಏಪ್ರಿಲ್ 30ರಂದು ಜರ್ಮನಿಯ ಸಂಸತ್ ಭವನ ರೈಷ್‌ಟಾಗ್ ಮೇಲೆ ಬಾವುಟ ಹಾರಿಸುತ್ತಿರುವ ಯೆಗೊರೊವ್ ಮತ್ತು ಕಂತಾರಿಯಾ.’

ಎರಡೇ ದಿನಕ್ಕೆ ಕೇಳುಗರೊಬ್ಬರು ಮೆಸೇಜ್ ಮಾಡಿದ್ರು. ದಿನಾಂಕ ತಪ್ಪು, ಹೆಸರುಗಳು ತಪ್ಪು, ನೀವು ಹಾಕಿರೋ ಫೋಟೊನೂ ತಿದ್ದಿದ್ದು ಅಂತ. ಒಂದೇ ಸಾಲಲ್ಲಿ ಮೂರು ತಪ್ಪು! ನಾನು ಓದಿದ್ದು ಬಿ.ಕಾಂ. ಆಡಿಟಿಂಗ್ ಪಾಠದಲ್ಲಿ ಮೊದಲು ಹೇಳಿಕೊಡೋದೇ ಇದು: ಲೆಡ್ಜರ್‌ನಲ್ಲಿ ಬರೆದಿದೆ ಅಂತ ನಂಬಬೇಡ, ವೋಚರ್ ತೆಗೆದು ನೋಡು. ಫೋಟೊ ವಿಷಯದಲ್ಲಿ ನಾನು ಲೆಡ್ಜರ್ ನೋಡಿ ಸಹಿ ಹಾಕಿಬಿಟ್ಟಿದ್ದೆ. ಹಾಗಾಗಿ ಈ ಸಲ ವೋಚರ್ ಹುಡುಕಿಕೊಂಡು ಹೊರಟೆ.

ಮೊದಲು ದಿನಾಂಕ. ರೈಷ್‌ಟಾಗ್ ಒಳಗೆ ಸೋವಿಯತ್ ಸೈನಿಕರು ನುಗ್ಗಿದ್ದು ಏಪ್ರಿಲ್ 30ರಂದು, ಅದು ನಿಜ. ಆದರೆ ಅವರು ಬಾವುಟ ಹಿಡಿದು ಛಾವಣಿ ಹತ್ತಿದ್ದು ಆ ರಾತ್ರಿ, ಕತ್ತಲಲ್ಲಿ. ಕೆಳಗಿನ ಮಹಡಿಗಳಲ್ಲಿ, ನೆಲಮಾಳಿಗೆಯಲ್ಲಿ ಜರ್ಮನ್ನರು ಇನ್ನೂ ಗುಂಡು ಹಾರಿಸ್ತಾನೇ ಇದ್ದರು. ಈಗ ಫೋಟೊ ನೋಡಿ. ಪಕ್ಕಾ ಹಗಲು ಬೆಳಕು. ಇನ್ನೂ ಸ್ವಲ್ಪ ಜೂಮ್ ಮಾಡಿದ್ರೆ ಕೆಳಗಿನ ರಸ್ತೆಯಲ್ಲಿ ವಾಹನಗಳು, ಬಯಲಲ್ಲೇ ಓಡಾಡ್ತಿರೋ ಜನ ಕಾಣಿಸ್ತಾರೆ. ಗುಂಡು ಹಾರುತ್ತಿರೋ ಬೀದಿಯಲ್ಲಿ ಯಾರಾದರೂ ಹಾಗೆ ಓಡಾಡ್ತಾರಾ? ಅಂದರೆ ಇದು ಯುದ್ಧದ ನಡುವೆ ಸಿಕ್ಕ ಕ್ಷಣ ಅಲ್ಲ, ಯುದ್ಧ ನಿಂತ ಮೇಲಿನದು. ಫೋಟೊ ತೆಗೆದವರು ಹೇಳೋದೂ ಅದನ್ನೇ: ಮೇ 2ರ ಬೆಳಿಗ್ಗೆ. ಬರ್ಲಿನ್‌ನ ಜರ್ಮನ್ ಪಡೆ ಶರಣಾಗಿದ್ದೂ ಅವತ್ತೇ.

ಹಾಗಾದರೆ ತೆಗೆದವರು ಯಾರು? ಯೆವ್ಗೆನಿ ಖಲ್ದೇಯ್. ಸೋವಿಯತ್ ಸುದ್ದಿಸಂಸ್ಥೆ ಟಾಸ್‌ನ ಫೋಟೊಗ್ರಾಫರ್. ಈ ಮನುಷ್ಯನ ಕಥೆ ಗೊತ್ತಿಲ್ಲದೆ ಈ ಫೋಟೊ ಪೂರ್ತಿ ಅರ್ಥ ಆಗಲ್ಲ ಅಂತ ನನಗನ್ನಿಸುತ್ತೆ. ಅವರು ಹುಟ್ಟಿದ್ದು 1917ರಲ್ಲಿ, ಈಗಿನ ಉಕ್ರೇನ್‌ನ ಡೊನೆಟ್ಸ್ಕ್‌ನಲ್ಲಿ, ಯಹೂದಿ ಕುಟುಂಬದಲ್ಲಿ. ಒಂದು ವರ್ಷದ ಮಗು ಇದ್ದಾಗ ಯಹೂದಿಗಳ ಮೇಲೆ ನಡೆದ ದಾಳಿಯಲ್ಲಿ ತಾಯಿ ಸತ್ತರು. ಅವರ ದೇಹ ದಾಟಿ ಬಂದ ಗುಂಡು ಎತ್ತಿಕೊಂಡಿದ್ದ ಮಗುವಿಗೂ ತಾಗಿತ್ತು. ಹುಡುಗ ಮಾಡಿಕೊಂಡ ಮೊದಲ ಕ್ಯಾಮೆರಾ ಅಂದ್ರೆ ರಟ್ಟಿನ ಡಬ್ಬ ಮತ್ತು ಅಜ್ಜಿಯ ಕನ್ನಡಕದ ಗಾಜು. ಮುಂದೆ ಇದೇ ಯುದ್ಧದಲ್ಲಿ ಅವರ ತಂದೆಯನ್ನೂ ಸಹೋದರಿಯರನ್ನೂ ನಾಜಿಗಳು ಕೊಂದರು. ಅಂಥವರು ಹಿಟ್ಲರನ ರಾಜಧಾನಿಯಲ್ಲಿ ಛಾವಣಿ ಹತ್ತಿ ನಿಂತಿದ್ದರು.

ಬಾವುಟವನ್ನೂ ಅವರೇ ತಂದಿದ್ದರು. ಹೌದು, ಫೋಟೊಗ್ರಾಫರೇ! ಕೆಲವೇ ತಿಂಗಳ ಹಿಂದೆ, 1945ರ ಫೆಬ್ರವರಿ 23ರಂದು, ಐವೊ ಜಿಮಾ ದ್ವೀಪದಲ್ಲಿ ಅಮೆರಿಕದ ಸೈನಿಕರು ಬಾವುಟ ನೆಡೋ ಫೋಟೊವನ್ನು ಜೋ ರೊಸೆಂತಾಲ್ ತೆಗೆದಿದ್ದರು. ನಮಗೂ ಅಂಥದ್ದೊಂದು ಬೇಕು ಅನ್ನೋ ಆಸೆ ಖಲ್ದೇಯ್‌ಗೆ. ಮಾಸ್ಕೋದಲ್ಲಿ ಟಾಸ್ ಕಚೇರಿಯ ಕೆಂಪು ಮೇಜುಬಟ್ಟೆಗಳನ್ನು ತಗೊಂಡು, ಪರಿಚಯದ ಟೈಲರ್ ಒಬ್ಬರ ಕೈಲಿ ಮೂರು ಬಾವುಟ ಹೊಲಿಸಿಕೊಂಡರು. ಒಂದನ್ನು ಟೆಂಪಲ್‌ಹೋಫ್ ವಿಮಾನ ನಿಲ್ದಾಣದಲ್ಲಿ, ಇನ್ನೊಂದನ್ನು ಬ್ರಾಂಡೆನ್‌ಬರ್ಗ್ ಗೇಟ್ ಮೇಲೆ ಬಳಸಿ ಫೋಟೊ ತೆಗೆದರು. ಮೂರನೆಯದು ರೈಷ್‌ಟಾಗ್‌ಗೆ. ಅಲ್ಲಿ ಸಿಕ್ಕ ಸೈನಿಕರನ್ನು ಕರೆದುಕೊಂಡು ಮೇಲೆ ಹತ್ತಿದರು, ಲೈಕಾ ಕ್ಯಾಮೆರಾದಲ್ಲಿ ಒಂದಿಡೀ ರೋಲ್, 36 ಶಾಟ್ ಮುಗಿಸಿದರು. ಜಗತ್ತು ನೋಡಿದ್ದು ಅದರಲ್ಲಿ ಒಂದನ್ನು.

‘ಹಾಗಾದ್ರೆ ಫೇಕ್ ಬ್ರೋ’ ಅಂತ ಈಗಲೇ ಕಾಮೆಂಟ್ ಟೈಪ್ ಮಾಡ್ತಿದ್ದೀರ ಅಲ್ವಾ? ಸ್ವಲ್ಪ ತಡೀರಿ. ಜಾಗ ನಿಜ, ಸೈನಿಕರು ನಿಜ, ಗೆಲುವು ನಿಜ. ಆ ಕ್ಷಣವನ್ನು ಮಾತ್ರ ಜೋಡಿಸಿದ್ದು. ಮದುವೆ ಆಲ್ಬಮ್‌ನಲ್ಲಿ ಫೋಟೊಗ್ರಾಫರ್ ‘ಇನ್ನೊಂದ್ ಸಲ ಹಾರ ಹಾಕಿ’ ಅಂದ ಮಾತ್ರಕ್ಕೆ ಮದುವೆ ಸುಳ್ಳಾಗಲ್ಲ. ನನಗೆ ಸಮಸ್ಯೆ ಅನ್ನಿಸಿದ್ದು ಅದಾದ ಮೇಲೆ ನಡೆದದ್ದು.

ಫೋಟೊ ಅಚ್ಚಾಗಿದ್ದು 1945ರ ಮೇ 13ರಂದು, ‘ಒಗೊನ್ಯೋಕ್’ ಅನ್ನೋ ಪತ್ರಿಕೆಯಲ್ಲಿ. ಅದಕ್ಕೂ ಮುಂಚೆ ಕೈಚಳಕ ಆಗಿತ್ತು. ಕೆಳಗಿನಿಂದ ಆಸರೆ ಕೊಟ್ಟಿರೋ ಸೈನಿಕನ ಎರಡೂ ಕೈಯಲ್ಲಿ ವಾಚಿನಂಥ ವಸ್ತು ಇತ್ತು. ಎರಡು ವಾಚ್ ಅಂದ್ರೆ ಒಂದು ಲೂಟಿಯದ್ದು ಅಂತ ಜನ ಅಂದುಕೊಳ್ತಾರಲ್ಲ, ಕೆಂಪು ಸೇನೆಯ ಮಾನದ ಪ್ರಶ್ನೆ. ಹಾಗಾಗಿ ಖಲ್ದೇಯ್ ನೆಗೆಟಿವ್ ಮೇಲೆ ಸೂಜಿಯಿಂದ ಕೆರೆದು ಬಲಗೈಯದ್ದನ್ನು ತೆಗೆದುಬಿಟ್ಟರು. ಅದು ವಾಚ್ ಅಲ್ಲ, ಸೈನಿಕರು ಮಣಿಕಟ್ಟಿಗೆ ಕಟ್ಟಿಕೊಳ್ತಿದ್ದ ದಿಕ್ಸೂಚಿ ಅಂತ ಹೇಳುವವರೂ ಇದ್ದಾರೆ. ಜೊತೆಗೆ ಬೇರೆ ಫೋಟೊದಿಂದ ದಟ್ಟ ಹೊಗೆ ತಂದು ಆಕಾಶಕ್ಕೆ ಸೇರಿಸಿದರು. ಶಾಂತವಾಗಿದ್ದ ಬೆಳಗ್ಗೆ ಯುದ್ಧಭೂಮಿ ಆಯ್ತು. ನನ್ನನ್ನು ಯಾಮಾರಿಸಿದ್ದೂ ಆ ಹೊಗೆಯೇ. ಹೊಗೆ ನೋಡಿ ‘ಕಾಳಗದ ದಿನ’ ಅಂದುಕೊಂಡೆ.

ನಿಮ್ಮ ಫೋನಿಗೆ ಬಂದಿರೋದು ಯಾವ ಪ್ರತಿ ಅಂತ ಗುರುತಿಸೋಕೆ ಮೊದಲು ಆಸರೆ ಕೊಟ್ಟವನ ಬಲ ಮಣಿಕಟ್ಟು ನೋಡಿ, ಆಮೇಲೆ ಆಕಾಶ. ಬಣ್ಣ ಇದ್ದರೆ ಅದು ಆಮೇಲೆ ಹಚ್ಚಿದ್ದು. ರಿವರ್ಸ್ ಇಮೇಜ್ ಸರ್ಚ್ ಮಾಡುವಾಗ ಸಾಮಾನ್ಯವಾಗಿ ನಾವು ದೊಡ್ಡ, ಕ್ಲಿಯರ್ ಆಗಿರೋ ಚಿತ್ರ ಆರಿಸಿಕೊಳ್ತೀವಿ. ಅದು ತಪ್ಪು ದಾರಿ. ಬೇಕಾಗಿರೋದು ಬೇರೆ ಬೇರೆ ಪ್ರತಿಗಳು. ಎರಡನ್ನು ಪಕ್ಕಪಕ್ಕ ಇಟ್ಟಾಗ ತಾನೇ ಏನು ಮಾಯವಾಗಿದೆ ಅಂತ ಗೊತ್ತಾಗೋದು? ಬ್ರಿಟನ್ನಿನ ಡೇವಿಡ್ ಕಿಂಗ್ ಇದನ್ನೇ ದಶಕಗಳ ಕಾಲ ಮಾಡಿದರು. ಸ್ಟಾಲಿನ್ ಪಕ್ಕ ಕಾಲುವೆ ದಡದಲ್ಲಿ ನಡೀತಿದ್ದ ರಹಸ್ಯ ಪೊಲೀಸ್ ಮುಖ್ಯಸ್ಥ ಯೆಝೋವ್, ಅವನನ್ನು 1940ರಲ್ಲಿ ಗುಂಡಿಟ್ಟು ಕೊಂದ ಮೇಲೆ ಫೋಟೊದಿಂದಲೂ ಕಾಣೆಯಾದ. ಅವನಿದ್ದ ಜಾಗದಲ್ಲಿ ಬರೀ ನೀರು. ಹಳೇ ಪ್ರತಿ ಎಲ್ಲೋ ಉಳಿದಿದ್ದರಿಂದ ಅದು ಗೊತ್ತಾಯ್ತು.

ಈಗ ಹೆಸರುಗಳು. ನನಗೆ ಅತಿ ಕಷ್ಟ ಅನ್ನಿಸಿದ ಭಾಗ ಇದು.

ಮಿಖಾಯಿಲ್ ಯೆಗೊರೊವ್ ರಷ್ಯಾದವನು, ಮೆಲಿಟನ್ ಕಂತಾರಿಯಾ ಜಾರ್ಜಿಯಾದವನು. ಸ್ಟಾಲಿನ್ ಕೂಡ ಜಾರ್ಜಿಯಾದವನೇ ಅನ್ನೋದನ್ನು ಮರೀಬೇಡಿ. ಇವರಿಬ್ಬರೂ ಛಾವಣಿಗೆ ಬಾವುಟ ಒಯ್ದಿದ್ದು ನಿಜ. ದಾಳಿಗೆ ಮುಂಚೆ 3ನೇ ಆಘಾತ ಸೇನೆ ಒಂಬತ್ತು ಬಾವುಟ ಸಿದ್ಧ ಮಾಡಿತ್ತು, ಅದರಲ್ಲಿ ಐದನೇ ನಂಬರಿನದು ಇವರದ್ದು. ಅದೇ ಅಧಿಕೃತ ‘ವಿಜಯ ಪತಾಕೆ’ ಅನ್ನಿಸಿಕೊಂಡಿತು, 1946ರಲ್ಲಿ ಇಬ್ಬರಿಗೂ ‘ಸೋವಿಯತ್ ಒಕ್ಕೂಟದ ವೀರ’ ಬಿರುದು ಬಂತು. ಶಾಲಾ ಪುಸ್ತಕಕ್ಕೆ ಇವರ ಹೆಸರು, ಜನರ ಕಣ್ಣಿಗೆ ಖಲ್ದೇಯ್ ಫೋಟೊ. ಎರಡೂ ಅಂಟಿಕೊಂಡುಬಿಟ್ಟವು. ಆದರೆ ಆ ಫೋಟೊದಲ್ಲಿ ಇವರಿಬ್ಬರೂ ಇಲ್ಲವೇ ಇಲ್ಲ!

ಹಾಗಾದರೆ ಇರೋದು ಯಾರು? ಖಲ್ದೇಯ್ ಗುರುತಿಸಿದ ಪ್ರಕಾರ ಬಾವುಟ ಹಿಡಿದವನು ಕೀವ್‌ನ ಅಲೆಕ್ಸೆಯ್ ಕೊವಲ್ಯೋವ್. ಆಸರೆ ಕೊಟ್ಟವನು ದಾಗೆಸ್ತಾನದ ಅಬ್ದುಲ್‌ಹಕೀಮ್ ಇಸ್ಮಾಯಿಲೋವ್. ಜೊತೆಗಿದ್ದವನು ಮಿನ್ಸ್ಕ್‌ನ ಲಿಯೊನಿಡ್ ಗೊರಿಚೆವ್. ಇಸ್ಮಾಯಿಲೋವ್ ಊರಿಗೆ ಮರಳಿ ಬದುಕು ನಡೆಸ್ತಿದ್ದರು, ಜಗತ್ತಿನ ಅತಿ ಪ್ರಸಿದ್ಧ ಫೋಟೊಗಳಲ್ಲಿ ಒಂದರಲ್ಲಿ ಇರೋದು ತಾವೇ ಅನ್ನೋ ಅಧಿಕೃತ ಗುರುತು ಇಲ್ಲದೆ. ಅವರಿಗೆ ‘ರಷ್ಯಾ ಒಕ್ಕೂಟದ ವೀರ’ ಬಿರುದು ಸಿಕ್ಕಿದ್ದು 1996ರಲ್ಲಿ. ಅರ್ಧ ಶತಮಾನ ಆದ ಮೇಲೆ! 2010ರಲ್ಲಿ ತೀರಿಕೊಂಡರು.

ಆ ರಾತ್ರಿ ಎಲ್ಲರಿಗಿಂತ ಮೊದಲು ಬಾವುಟ ಕಟ್ಟಿದ್ದು ಯಾರು ಅನ್ನೋದು ಬೇರೆಯೇ ಜಗಳ. ಮಿಖಾಯಿಲ್ ಮಿನಿನ್ ತಂಡ ಅಂತಾರೆ, ಕಝಾಕ್‌ಸ್ತಾನದ ರಖಿಮ್‌ಜಾನ್ ಕೊಷ್ಕರ್‌ಬಾಯೆವ್ ಮತ್ತು ಗ್ರಿಗೊರಿ ಬುಲಾತೋವ್ ಅಂತಾರೆ. ಬುಲಾತೋವ್‌ಗೆ ‘ವೀರ’ ಬಿರುದು ಬರಲೇ ಇಲ್ಲ, 1973ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಒಂದು ಕ್ಯಾಪ್ಷನ್‌ನಲ್ಲಿ ಯಾರ ಹೆಸರು ಇರುತ್ತೆ ಅನ್ನೋದು ಸಣ್ಣ ವಿಷಯ ಅಂದುಕೊಂಡಿದ್ದ ನಾನು ಇದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿ ಕೂತಿದ್ದೆ.

ಇನ್ನೂ ಒಂದು ಮಾತು. ಫೋಟೊದಲ್ಲಿರೋರು ಕೀವ್, ದಾಗೆಸ್ತಾನ, ಮಿನ್ಸ್ಕ್ ಕಡೆಯವರು. ತೆಗೆದವರು ಡೊನೆಟ್ಸ್ಕ್‌ನವರು. ಇವತ್ತಿನ ಭೂಪಟ ತೆಗೆದು ಈ ಊರುಗಳನ್ನು ಹುಡುಕಿ ನೋಡಿ. ‘ರಷ್ಯನ್ ಸೈನಿಕರು’ ಅಂತ ಈ ಫೋಟೊಗೆ ಕ್ಯಾಪ್ಷನ್ ಹಾಕೋರಿಗೆ ಉಕ್ರೇನಿನ ಜನ ಯಾಕೆ ಸಿಟ್ಟಾಗ್ತಾರೆ ಅಂತ ಗೊತ್ತಾಗುತ್ತೆ. ‘ಸೋವಿಯತ್ ಸೈನಿಕರು’ ಅನ್ನೋದೇ ಸರಿ.

ಖಲ್ದೇಯ್ ಏನಾದರು? ನ್ಯೂರೆಂಬರ್ಗ್ ವಿಚಾರಣೆಯ ಫೋಟೊಗಳನ್ನೂ ಅವರೇ ತೆಗೆದರು. ಆದರೆ 1948ರಲ್ಲಿ ಟಾಸ್ ಅವರನ್ನು ಕೆಲಸದಿಂದ ತೆಗೆದುಹಾಕಿತು. ಅದು ಯಹೂದಿಗಳ ವಿರುದ್ಧ ಗಾಳಿ ಬೀಸ್ತಿದ್ದ ಕಾಲ. ಮುಂದೆ ಪ್ರಾವ್ದಾ ಪತ್ರಿಕೆಗೆ ಸೇರಿದರು. 1997ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು.

ಹಳೇ ಎಪಿಸೋಡಿನ ಕವರ್ ಬದಲಾಯಿಸಿದ್ದೀನಿ. ಈಗಿನ ಕ್ಯಾಪ್ಷನ್: ‘1945ರ ಮೇ 2, ಬರ್ಲಿನ್. ರೈಷ್‌ಟಾಗ್ ಮೇಲೆ ಸೋವಿಯತ್ ಸೈನಿಕರು. ಕಾಳಗ ಮುಗಿದ ಮೇಲೆ ತೆಗೆದದ್ದು. ಫೋಟೊ: ಯೆವ್ಗೆನಿ ಖಲ್ದೇಯ್.’ ಹಾಕಿರೋದು ಹೊಗೆ ಸೇರಿಸುವ ಮುಂಚಿನ ಪ್ರತಿ. ಜೂಮ್ ಮಾಡಿ, ಆ ಬಲ ಮಣಿಕಟ್ಟನ್ನೊಮ್ಮೆ ನೋಡಿ.